ಸೆಪ್ಟೆಂಬರ್ 18ರ ಮತ: ಇನ್ನೂ ತೀರ್ಮಾನಕ್ಕೆ ಬಾರದ ಸ್ಕಾಟ್ಲೆಂಡ್ ಕನ್ನಡಿಗರ ಚರ್ಚೆ

ಲೀತ್ ನಿವಾಸಿ, ಎಡಿನ್‌ಬರೋ
29 ಆಗಸ್ಟ್ 2014

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನಂತೆ ಇನ್ನೂ ತೀರ್ಮಾನಕ್ಕೆ ಬಾರದವರು ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಜನಮತಗಣನೆಗೆ ಮೂರು ವಾರವೂ ಉಳಿದಿಲ್ಲ. 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?' ಎಂಬ ಒಂದೇ ಪ್ರಶ್ನೆ, ಅದರ ಕೆಳಗೆ 'ಹೌದು', 'ಇಲ್ಲ' ಎಂಬ ಎರಡೇ ಚೌಕ. ಇಲ್ಲಿನ ಪಾರ್ಲಿಮೆಂಟಿಗೆ ಹೆಚ್ಚಿನ ಅಧಿಕಾರ ಬೇಕು, ಆದರೆ ಬೇರೆಯಾಗುವುದು ಬೇಡ ಎನ್ನುವವರಿಗಾಗಿ ಮೂರನೆಯ ಚೌಕವೊಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ವಾತಂತ್ರ್ಯ ಬಯಸುವ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೋದಲ್ಲಿ ಸಹಿ ಹಾಕಿದ ಒಪ್ಪಂದದಲ್ಲೇ ಪ್ರಶ್ನೆ ಒಂದೇ ಇರಬೇಕೆಂದು ನಿಶ್ಚಯವಾಗಿತ್ತು.

ನಾನು ಹಾಸನದ ಕಡೆಯವನು. ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು, ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದೇನೆ ಎಂಬ ಕಾರಣಕ್ಕೆ ನನಗೆ ಮತವಿದೆ. ಕಳೆದ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ನಡೆದಾಗ, ಊರಿನ ಮತಗಟ್ಟೆಗೆ ಖುದ್ದಾಗಿ ಹೋದವರಿಗೆ ಮಾತ್ರ ಮತ ಎಂಬ ನಿಯಮವಿದ್ದುದರಿಂದ ನನ್ನ ದೇಶದಲ್ಲೇ ನಾನು ಮತ ಹಾಕಲಾಗಲಿಲ್ಲ. ಇಲ್ಲಿ, 1707ರಿಂದ ನಡೆದುಬಂದ ಒಂದು ಕೂಡುರಾಜ್ಯ ಉಳಿಯಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದಾರೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಸೋಮವಾರ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಕಲಾ ಸಂಗ್ರಹಾಲಯದಲ್ಲಿ ಸಾಲ್ಮಂಡ್ ಮತ್ತು 'ಇಲ್ಲ' ಪಕ್ಷದ ನಾಯಕ ಅಲಿಸ್ಟರ್ ಡಾರ್ಲಿಂಗ್ ನಡೆಸಿದ ಎರಡನೆಯ ಚರ್ಚೆಯನ್ನು ಪೂರ್ತಿ ನೋಡಿದೆ. ಆಗಸ್ಟ್ 5ರಂದು ಡಾರ್ಲಿಂಗ್ ಅವರ ಕೈ ಮೇಲಾಗಿತ್ತು, ಈ ಸಲ ಸಾಲ್ಮಂಡ್ ಅವರದ್ದು. ಯಾರು ಚೆನ್ನಾಗಿ ವಾದಿಸಿದರು ಎಂಬುದರಿಂದ ನನ್ನ ಗೊಂದಲ ಬಗೆಹರಿಯಲಿಲ್ಲ. ಒಂದು, ನಾಳೆ ನಮ್ಮ ಕೈಯಲ್ಲಿ ಇರುವ ನಾಣ್ಯ ಯಾವುದು ಎಂಬುದಕ್ಕೆ ನೇರವಾದ ಉತ್ತರ ಸಿಕ್ಕಿಲ್ಲ. ಎರಡು, ಕೆಲಸ ಹೋದರೆ ಅಥವಾ ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕಾಗಿ ಬಂದರೆ ಊರಿಗೆ ಹೊರಟುಬಿಡಬಹುದಾದ ನಾನು, ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗುವವರ ದೇಶದ ವಿಷಯದಲ್ಲಿ ಕೈ ಹಾಕುವುದು ಎಷ್ಟು ಸರಿ?

ಡಂಡೀ ಸಂಶೋಧಕ
29 ಆಗಸ್ಟ್

ಸರ್, ನಿಮ್ಮ ಎರಡನೆಯ ಪ್ರಶ್ನೆ ನನಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಾನು ವಿದ್ಯಾರ್ಥಿ ವೀಸಾದಲ್ಲಿದ್ದು ಪಿಎಚ್‌ಡಿ ಮಾಡುತ್ತಿದ್ದೇನೆ. ಓದು ಮುಗಿಸಿದವರು ಎರಡು ವರ್ಷ ಇಲ್ಲೇ ಉಳಿದು ಕೆಲಸ ಮಾಡಲು ಅವಕಾಶ ಕೊಡುತ್ತಿದ್ದ ವೀಸಾವನ್ನು ಲಂಡನ್ನಿನ ಸರ್ಕಾರ 2012ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅದನ್ನು ಮತ್ತೆ ತರುವುದಾಗಿ ಸ್ಕಾಟ್ಲೆಂಡ್ ಸರ್ಕಾರ ಕಳೆದ ನವೆಂಬರಿನಲ್ಲಿ ಹೊರತಂದ ಶ್ವೇತಪತ್ರ ಹೇಳುತ್ತದೆ. ಸ್ವಂತ ಲಾಭವನ್ನೇ ನೋಡಿದರೆ ನನ್ನ ಮತ 'ಹೌದು' ಆಗಬೇಕು. ಆದರೆ ಅದೇ ಶ್ವೇತಪತ್ರ ಸ್ವಾತಂತ್ರ್ಯಕ್ಕೆ ಗೊತ್ತುಮಾಡಿರುವ ದಿನ 2016ರ ಮಾರ್ಚ್ 24; ನನ್ನ ವೀಸಾ 2015ರ ಕೊನೆಗೇ ಮುಗಿಯುತ್ತದೆ. ಲಾಭವೂ ನನ್ನದಲ್ಲ, ನಷ್ಟವೂ ನನ್ನದಲ್ಲ ಎಂದಾದ ಮೇಲೆ ಸುಮ್ಮನಿರುವುದೇ ಮರ್ಯಾದೆಯೇನೋ ಅನ್ನಿಸಿ ಇದುವರೆಗೆ ಹೆಸರು ನೋಂದಾಯಿಸಿಲ್ಲ.

ಇನ್‌ವರ್ನೆಸ್ ಹಿರಿಯ
30 ಆಗಸ್ಟ್

ತಮ್ಮಾ, ನೋಂದಣಿಗೆ ಕೊನೆಯ ದಿನ ಮಂಗಳವಾರ, ಸೆಪ್ಟೆಂಬರ್ 2. ಮೊದಲು ಹೆಸರು ಸೇರಿಸು, ಆಮೇಲೆ ಯೋಚಿಸು. ಹೀಗೆ ಹೇಳುವುದಕ್ಕೆ ಕಾರಣವಿದೆ.

ನಾನು ಹೈಲ್ಯಾಂಡ್ಸ್‌ಗೆ ಬಂದಾಗ ನೆರೆಯವರು 1979ರ ಜನಮತಗಣನೆಯ ಕಥೆಯನ್ನು ಇನ್ನೂ ನೋವಿನಿಂದ ಹೇಳುತ್ತಿದ್ದರು. ಎಡಿನ್‌ಬರೋದಲ್ಲಿ ಒಂದು ಶಾಸನಸಭೆ ಬೇಕೆಂದು ಮತ ಹಾಕಿದವರಲ್ಲಿ ಶೇ. 51.6 ಮಂದಿ ಒಪ್ಪಿದ್ದರು. ಆದರೆ ಪಟ್ಟಿಯಲ್ಲಿರುವ ಎಲ್ಲ ಮತದಾರರಲ್ಲಿ ಶೇ. 40ರಷ್ಟು ಮಂದಿ ಒಪ್ಪಿರಬೇಕೆಂಬ ಷರತ್ತು ಹಾಕಿದ್ದರಿಂದ ಅದು ಬಿದ್ದುಹೋಯಿತು. ಮನೆಯಲ್ಲಿ ಕುಳಿತವರ ಮೌನವನ್ನೂ, ಸತ್ತರೂ ಪಟ್ಟಿಯಲ್ಲಿ ಉಳಿದುಹೋದವರ ಹೆಸರನ್ನೂ 'ಬೇಡ' ಎಂದು ಲೆಕ್ಕ ಹಿಡಿದಂತಾಯಿತು. 1997ರ ಸೆಪ್ಟೆಂಬರ್ 11ರಂದು ಮತ್ತೆ ಕೇಳಿದಾಗ ನಾನೂ ಹೋಗಿ ಮತ ಹಾಕಿದೆ, ಶೇ. 74ಕ್ಕೂ ಹೆಚ್ಚು ಮಂದಿ ಒಪ್ಪಿ, 1999ರಲ್ಲಿ ಈಗಿನ ಪಾರ್ಲಿಮೆಂಟ್ ಕೂಡಿತು. ಈ ಬಾರಿ ಯಾವ ಷರತ್ತೂ ಇಲ್ಲ, ಒಂದು ಮತ ಹೆಚ್ಚಾದರೆ ಸಾಕು. ಸುಮ್ಮನಿದ್ದರೆ ನಿನ್ನ ತೀರ್ಮಾನವನ್ನು ಬೇರೆಯವರು ಮಾಡಿದರು ಎಂದಷ್ಟೇ ಅರ್ಥ.

ನನ್ನ ವಿಷಯಕ್ಕೆ ಬಂದರೆ, ಮೊನ್ನೆ ಮೊನ್ನೆಯವರೆಗೆ ನಾನು ಗಟ್ಟಿಯಾಗಿ 'ಇಲ್ಲ' ಎನ್ನುತ್ತಿದ್ದೆ. ಈ ಸಲ ಹದಿನಾರು ತುಂಬಿದವರಿಗೂ ಮತವಿರುವುದರಿಂದ ನನ್ನ ಕಿರಿಯ ಮಗಳೂ ಮತದಾರಳು. "ಅಪ್ಪಾ, ನೀವು ಈ ದೇಶವನ್ನು ಆರಿಸಿಕೊಂಡು ಬಂದವರು, ನನಗೆ ಆ ಆಯ್ಕೆ ಈಗ ಮೊದಲ ಸಲ ಸಿಗುತ್ತಿದೆ" ಎಂದಳು. ಅವಳ ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಲೆಕ್ಕಪರಿಶೋಧಕಿ, ಎಡಿನ್‌ಬರೋ
31 ಆಗಸ್ಟ್

ಲೀತ್ ಅವರ ಮೊದಲ ಪ್ರಶ್ನೆ ನನ್ನ ವೃತ್ತಿಗೆ ಹತ್ತಿರವಾದದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನಾನೂ ತೀರ್ಮಾನಿಸಿದವಳಲ್ಲ.

ಸ್ಕಾಟ್ಲೆಂಡ್ ಮತ್ತು ಉಳಿದ ಬ್ರಿಟನ್ ಎರಡೂ ಸೇರಿ ಪೌಂಡನ್ನು ಹಂಚಿಕೊಳ್ಳುವ ನಾಣ್ಯ ಒಕ್ಕೂಟ ಇರಬೇಕೆಂಬುದು ಶ್ವೇತಪತ್ರದ ಪ್ರಸ್ತಾವ. ಈ ವರ್ಷ ಫೆಬ್ರವರಿ 13ರಂದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೋಗೇ ಬಂದು ಅದು ಸಾಧ್ಯವಿಲ್ಲವೆಂದರು. ಲೇಬರ್ ಪಕ್ಷದ ಎಡ್ ಬಾಲ್ಸ್, ಲಿಬರಲ್ ಡೆಮಾಕ್ರಟ್ ಪಕ್ಷದ ಡ್ಯಾನಿ ಅಲೆಕ್ಸಾಂಡರ್ ಸಹ ಅದನ್ನೇ ಹೇಳಿದರು. ಇದು ಬೆದರಿಕೆ, ಮತ ಎಣಿಸಿದ ಮರುದಿನ ಮಾತು ಬದಲಾಗುತ್ತದೆ ಎಂದು ಸಾಲ್ಮಂಡ್ ಹೇಳುತ್ತಾರೆ, ಮತ್ತು ಪೌಂಡಿನಲ್ಲಿ ಪಾಲು ಕೊಡದಿದ್ದರೆ ಬ್ರಿಟನ್ನಿನ ಸಾಲದಲ್ಲೂ ನಾವು ಪಾಲು ಹೊರುವುದಿಲ್ಲ ಎನ್ನುತ್ತಾರೆ. ಇಬ್ಬರಲ್ಲಿ ಯಾರು ನಿಜ ಹೇಳುತ್ತಿದ್ದಾರೆ ಎಂಬುದು ಮತ ಹಾಕುವ ಮೊದಲು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ನಾನು ಆ ಪ್ರಶ್ನೆಯನ್ನು ಬದಿಗಿಟ್ಟು, ಒಕ್ಕೂಟ ಸಿಗದಿದ್ದರೆ ಏನಾಗುತ್ತದೆ ಎಂದು ನೋಡಿದೆ.

ಪನಾಮಾ ದೇಶ ಅಮೆರಿಕದ ಡಾಲರನ್ನು ಬಳಸುವಂತೆ, ಯಾರ ಒಪ್ಪಿಗೆಯೂ ಇಲ್ಲದೆ ಪೌಂಡನ್ನು ಬಳಸುತ್ತಾ ಹೋಗಬಹುದು. ಆದರೆ ಆಗ ಬ್ಯಾಂಕು ಮುಳುಗಿದರೆ ಎತ್ತಲು ಸ್ವಂತ ಕೇಂದ್ರ ಬ್ಯಾಂಕ್ ಇರುವುದಿಲ್ಲ. 2008ರಲ್ಲಿ ಮುಳುಗುತ್ತಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡನ್ನು ಉಳಿಸಲು ಬ್ರಿಟಿಷ್ ಸರ್ಕಾರ ಹಾಕಿದ್ದು 4,500 ಕೋಟಿ ಪೌಂಡಿಗೂ ಹೆಚ್ಚು ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಸ್ವಂತ ನಾಣ್ಯವನ್ನು ಹುಟ್ಟಿಸಿ ಪೌಂಡಿಗೆ ಕಟ್ಟಿಹಾಕುವುದು ಇನ್ನೊಂದು ದಾರಿ. ಐರ್ಲೆಂಡ್ ತನ್ನ ಪೌಂಡನ್ನು ಇಂಗ್ಲೆಂಡಿನ ಪೌಂಡಿಗೆ ಸರಿಸಮ ಇಟ್ಟುಕೊಂಡೇ 1979ರವರೆಗೆ ಬಾಳಿತು ಎಂಬುದನ್ನು 'ಹೌದು' ಪಕ್ಷದವರು ಹೇಳಬೇಕಾದಷ್ಟು ಹೇಳುತ್ತಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ: 1993ರ ಜನವರಿ 1ರಂದು ಜೆಕ್ ಮತ್ತು ಸ್ಲೊವಾಕ್ ದೇಶಗಳು ಸೌಹಾರ್ದದಿಂದಲೇ ಬೇರೆಯಾದಾಗ ನಾಣ್ಯ ಮಾತ್ರ ಒಂದೇ ಇರಲಿ ಎಂದುಕೊಂಡವು; ಜನರು ದುಡ್ಡನ್ನು ಗಟ್ಟಿಯಾದ ಕಡೆಗೆ ಸಾಗಿಸತೊಡಗಿದ್ದರಿಂದ ಆ ಏರ್ಪಾಡು ಆರು ವಾರವೂ ನಿಲ್ಲಲಿಲ್ಲ.

ಮನೆಮಟ್ಟಕ್ಕೆ ಇಳಿಸಿ ಹೇಳುವುದಾದರೆ, ನಿಮ್ಮ ಮನೆಸಾಲ ಪೌಂಡಿನಲ್ಲಿ ಉಳಿದು ಸಂಬಳ ಮಾತ್ರ ಬೇರೆ ನಾಣ್ಯದಲ್ಲಿ ಬರತೊಡಗಿ, ಆ ನಾಣ್ಯ ಸ್ವಲ್ಪ ಇಳಿದರೂ ಕಂತಿನ ಭಾರ ಅಷ್ಟೇ ಏರುತ್ತದೆ. ಉಳಿತಾಯವನ್ನು ಲಂಡನ್ನಿಗೋ ಬೆಂಗಳೂರಿಗೋ ಸಾಗಿಸಬಲ್ಲ ನಮ್ಮಂಥವರು ತಪ್ಪಿಸಿಕೊಳ್ಳುತ್ತೇವೆ. ತಪ್ಪಿಸಿಕೊಳ್ಳಲಾರದವರು ಯಾರು ಎಂಬುದೇ ನನ್ನ ಚಿಂತೆ.

ಅಬರ್ಡೀನ್ ಇಂಜಿನಿಯರ್
1 ಸೆಪ್ಟೆಂಬರ್

ತೈಲದ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ, ಹದಿಮೂರು ವರ್ಷದಿಂದ ಇದೇ ನನ್ನ ಅನ್ನ. ಉತ್ತರ ಸಮುದ್ರದ ಉತ್ಪಾದನೆ 1999ರಲ್ಲಿ ತುದಿ ಮುಟ್ಟಿ ಈಗ ಅದರ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ. ಇನ್ನೂ ಎಷ್ಟು ಉಳಿದಿದೆ ಎಂಬುದಕ್ಕೆ ಸ್ಕಾಟ್ಲೆಂಡ್ ಸರ್ಕಾರ 2,400 ಕೋಟಿ ಬ್ಯಾರೆಲ್ ಎನ್ನುತ್ತದೆ. ಈ ಉದ್ಯಮವನ್ನು ಅರೆದು ಕುಡಿದ ಸರ್ ಇಯಾನ್ ವುಡ್ ಅವರು ಕಳೆದ ತಿಂಗಳು 1,500ರಿಂದ 1,650 ಕೋಟಿ ಎಂದರು. ಆದರೆ ನನಗೆ ಎಷ್ಟು ಉಳಿದಿದೆ ಎನ್ನುವುದಕ್ಕಿಂತ ಬೆಲೆ ಮುಖ್ಯ. ಶ್ವೇತಪತ್ರದ ಲೆಕ್ಕ ನಿಂತಿರುವುದು ಬ್ಯಾರೆಲಿಗೆ 110 ಡಾಲರ್ ಎಂಬ ಬೆಲೆಯ ಮೇಲೆ. 2008ರ ಜುಲೈನಲ್ಲಿ 147 ಡಾಲರ್ ಇದ್ದದ್ದು ಅದೇ ವರ್ಷದ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗಿಳಿದುದನ್ನು ನಾನು ಈ ಊರಿನಲ್ಲೇ ಕಂಡಿದ್ದೇನೆ. ಗುತ್ತಿಗೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿಕೊಂಡು ಹೋದರು.

ಹಾಗೆಂದು ಲಂಡನ್ನಿನವರು ಈ ಸಂಪತ್ತನ್ನು ಜಾಣತನದಿಂದ ಬಳಸಿದರೆಂದು ನಾನು ಹೇಳಲಾರೆ. ನಾರ್ವೆ 1990ರಲ್ಲಿ ಕಾನೂನು ಮಾಡಿ ತೈಲದ ಹಣವನ್ನು ನಿಧಿಯಾಗಿ ಕೂಡಿಡುತ್ತಾ ಬಂದಿದೆ, ಬ್ರಿಟನ್ ಬಂದದ್ದನ್ನೆಲ್ಲ ಖರ್ಚು ಮಾಡಿತು. ತೈಲದಿಂದ ಸ್ಕಾಟ್ಲೆಂಡ್ ಎಷ್ಟು ಶ್ರೀಮಂತವಾಗಬಹುದೆಂದು ಅರ್ಥಶಾಸ್ತ್ರಜ್ಞ ಗೇವಿನ್ ಮೆಕ್ರೋನ್ 1974ರಲ್ಲಿ ಬರೆದ ವರದಿ 2005ರವರೆಗೆ ಹೊರಗೇ ಬರಲಿಲ್ಲ. 1979ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು 2014ರಲ್ಲಿ ಕೇಳುತ್ತಿದ್ದಾರೆ ಎಂಬುದು ನನ್ನ ಕೊರಗು. ತೈಲವನ್ನು ನಂಬಿ 'ಹೌದು' ಎನ್ನುವವರಿಗೆ ನಾನು ಹೇಳುವುದಿಷ್ಟೇ: ತೈಲ ಇಲ್ಲವೆಂದುಕೊಂಡು ಲೆಕ್ಕ ಹಾಕಿ, ಆಗಲೂ ಬೇಕೆನಿಸಿದರೆ 'ಹೌದು' ಎನ್ನಿ.

ಗ್ಲಾಸ್ಗೋ ವೈದ್ಯೆ
2 ಸೆಪ್ಟೆಂಬರ್

ಇಂಜಿನಿಯರ್ ಅವರ ಕೊನೆಯ ಮಾತು ನನಗೆ ಒಪ್ಪಿಗೆ, ಮತ್ತು ಹಾಗೆ ಲೆಕ್ಕ ಹಾಕಿದ ಮೇಲೂ ನಾನು 'ಹೌದು' ಕಡೆಗೆ ವಾಲುತ್ತಿದ್ದೇನೆ. ನಗರದ ಪೂರ್ವ ಭಾಗದಲ್ಲಿ ನನ್ನ ಕೆಲಸ. ಗ್ಲಾಸ್ಗೋದ ಗಂಡಸರ ಸರಾಸರಿ ಆಯುಷ್ಯ ಬ್ರಿಟನ್ನಿನಲ್ಲೇ ಅತ್ಯಂತ ಕಡಿಮೆ. ಐವತ್ತು ದಾಟುವುದರೊಳಗೆ ಮುದುಕರಾದವರನ್ನು ದಿನವೂ ನೋಡುವವಳಿಗೆ, ಈಗಿರುವ ಏರ್ಪಾಡೇ ಸುರಕ್ಷಿತ ಎಂಬ ವಾದ ಅರ್ಥವಾಗುವುದು ಕಷ್ಟ.

ಆದರೂ ಪ್ರಾಮಾಣಿಕವಾಗಿ ಹೇಳಬೇಕಾದದ್ದೊಂದಿದೆ. ಸ್ವಾತಂತ್ರ್ಯ ಬಂದರೆ ಮಾತ್ರ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಉಳಿಯುತ್ತದೆ ಎಂದು 'ಹೌದು' ಪಕ್ಷದವರು ಮನೆಮನೆಗೆ ಹೇಳುತ್ತಿದ್ದಾರೆ. ಸ್ಕಾಟ್ಲೆಂಡಿನ ಆರೋಗ್ಯ ಸೇವೆ 1948ರಲ್ಲಿ ಆರಂಭವಾದಾಗಿನಿಂದಲೂ ಪ್ರತ್ಯೇಕ ಕಾನೂನಿನಡಿ ನಡೆದಿದೆ, ಈಗ ಪೂರ್ತಿಯಾಗಿ ಎಡಿನ್‌ಬರೋದ ಕೈಯಲ್ಲಿದೆ. 2011ರಿಂದ ಇಲ್ಲಿ ಔಷಧ ಚೀಟಿಗೆ ಹಣವಿಲ್ಲ, ಇಂಗ್ಲೆಂಡಿನಲ್ಲಿದೆ. ಹಾಗಾಗಿ ಆ ಪ್ರಚಾರ ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಬರುವ ಹಣವನ್ನು ಲೆಕ್ಕ ಹಾಕುವ ಬಾರ್ನೆಟ್ ಸೂತ್ರದ ಪ್ರಕಾರ ಇಂಗ್ಲೆಂಡಿನಲ್ಲಿ ಸರ್ಕಾರ ಖರ್ಚು ಮಾಡುವುದನ್ನು ಕಡಿಮೆ ಮಾಡಿದರೆ ನಮಗೆ ಬರುವ ಹಣವೂ ಜನಸಂಖ್ಯೆಗೆ ತಕ್ಕ ಪಾಲಿನಷ್ಟು ಕಡಿಮೆಯಾಗುತ್ತದೆ. ಅಡುಗೆ ನಮ್ಮದೇ, ಆದರೆ ದಿನಸಿ ಅಳೆದು ಕೊಡುವವರು ಬೇರೆ.

ಇಲ್ಲಿನ 59 ಸಂಸದರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಇರುವುದು ಒಬ್ಬರೇ, ಆದರೂ ನಮ್ಮನ್ನು ಆಳುವುದು ಅವರ ಸರ್ಕಾರ. ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, 1989ರಲ್ಲಿ, ತಲೆಗಂದಾಯವನ್ನು ಇಲ್ಲಿ ಹೇರಿದ್ದನ್ನು ನನ್ನ ಹಿರಿಯ ರೋಗಿಗಳು ಇಂದಿಗೂ ಮರೆತಿಲ್ಲ.

ಇನ್‌ವರ್ನೆಸ್ ಹಿರಿಯ
2 ಸೆಪ್ಟೆಂಬರ್

ಡಾಕ್ಟರ್ ಮೇಡಂ, ನೋವು ನಿಜ, ಲೆಕ್ಕ ಮಾತ್ರ ಅಪೂರ್ಣ. 1997ರಿಂದ 2010ರವರೆಗೆ ಸ್ಕಾಟ್ಲೆಂಡ್ ಆರಿಸಿದ ಲೇಬರ್ ಪಕ್ಷವೇ ಬ್ರಿಟನ್ನನ್ನು ಆಳಿತು. ಕೊನೆಯ ಮೂರು ವರ್ಷ ಪ್ರಧಾನಿಯಾಗಿದ್ದ ಗಾರ್ಡನ್ ಬ್ರೌನ್ ಫೈಫ್‌ನ ಸಂಸದರು, ಹಣಕಾಸು ಸಚಿವರಾಗಿದ್ದ ಡಾರ್ಲಿಂಗ್ ಎಡಿನ್‌ಬರೋದ ಸಂಸದರು. ಆ ಹದಿಮೂರು ವರ್ಷಗಳಲ್ಲಿ ನಿಮ್ಮ ರೋಗಿಗಳ ಆಯುಷ್ಯ ಎಷ್ಟು ಹೆಚ್ಚಿತು ಎಂಬುದನ್ನೂ ಕೇಳಬೇಕು.

ಗ್ಲಾಸ್ಗೋ ವೈದ್ಯೆ
3 ಸೆಪ್ಟೆಂಬರ್

ಸಾಕಷ್ಟು ಹೆಚ್ಚಲಿಲ್ಲ, ಸರ್. ಅದಕ್ಕಾಗಿಯೇ ಲೇಬರ್ ಪಕ್ಷದ ಭದ್ರಕೋಟೆಯಾಗಿದ್ದ ಬೀದಿಗಳಲ್ಲೇ ಈಗ 'ಹೌದು' ಎಂಬ ಭಿತ್ತಿಪತ್ರಗಳು ಕಿಟಕಿಗಳಲ್ಲಿ ಕಾಣುತ್ತಿವೆ.

ಲಂಡನ್ ಕನ್ನಡಿಗ
5 ಸೆಪ್ಟೆಂಬರ್

ನಾನು ಆರು ವರ್ಷ ಗ್ಲಾಸ್ಗೋದಲ್ಲಿದ್ದವನು, ಈಗ ಲಂಡನ್ನಿನಲ್ಲಿರುವುದರಿಂದ ನನಗೆ ಮತವಿಲ್ಲ. ಗ್ಲಾಸ್ಗೋದಲ್ಲೇ ಹುಟ್ಟಿದ ನನ್ನ ಹೆಂಡತಿಗೂ ಇಲ್ಲ. ನಿಮ್ಮಲ್ಲಿ ಕೆಲವರಿಗೆ ಮತವಿರುವುದು ಅತಿ ಎನಿಸಿದರೆ, ನನ್ನ ಹೆಂಡತಿಗೆ ಇಲ್ಲದಿರುವುದು ಅನ್ಯಾಯವೆನಿಸುತ್ತದೆ. ಆದರೂ ಈ ನಿಯಮದಲ್ಲಿ ಒಂದು ನ್ಯಾಯವಿದೆ ಎಂದು ನಿಧಾನವಾಗಿ ಒಪ್ಪಿಕೊಂಡಿದ್ದೇನೆ: ರಕ್ತವನ್ನು ನೋಡದೆ ವಾಸವನ್ನು ನೋಡಿದ್ದಾರೆ. ಬೇರೆ ದೇಶಗಳಲ್ಲಿ ರಾಷ್ಟ್ರೀಯತೆಯ ಹೆಸರಿನಲ್ಲಿ ನಡೆಯುವುದನ್ನು ನೋಡಿದವರು ಇದನ್ನು ಗೌರವಿಸಲೇಬೇಕು.

ಯುರೋಪಿನ ಒಕ್ಕೂಟದ ಬಗ್ಗೆ ಒಂದೇ ಮಾತು. ಸ್ವತಂತ್ರ ಸ್ಕಾಟ್ಲೆಂಡಿಗೆ ಸದಸ್ಯತ್ವ ಬಹಳ ಕಷ್ಟ ಎಂದು ಯುರೋಪಿಯನ್ ಆಯೋಗದ ಅಧ್ಯಕ್ಷ ಬರೋಸೊ ಫೆಬ್ರವರಿಯಲ್ಲಿ ಹೇಳಿದರು. ಆದರೆ ಮುಂದಿನ ಚುನಾವಣೆಯಲ್ಲಿ ಗೆದ್ದರೆ 2017ರೊಳಗೆ ಯುರೋಪಿನಲ್ಲಿ ಇರಬೇಕೋ ಬೇಡವೋ ಎಂದು ಜನಮತ ಕೇಳುವುದಾಗಿ ಕ್ಯಾಮರೂನ್ ಮಾತು ಕೊಟ್ಟಿದ್ದಾರೆ. 'ಇಲ್ಲ' ಎಂದವರಿಗೂ ಯುರೋಪ್ ಖಾತ್ರಿಯಿಲ್ಲ.

ಲೀತ್ ನಿವಾಸಿ
11 ಸೆಪ್ಟೆಂಬರ್

ಈ ಒಂದು ವಾರದಲ್ಲಿ ಎಲ್ಲವೂ ಬದಲಾಗಿದೆ. ಭಾನುವಾರದ ಯೂಗವ್ ಸಮೀಕ್ಷೆಯಲ್ಲಿ, ತೀರ್ಮಾನಿಸದ ನಮ್ಮಂಥವರನ್ನು ಬಿಟ್ಟು ಎಣಿಸಿದಾಗ, 'ಹೌದು' 51 ಮತ್ತು 'ಇಲ್ಲ' 49 ಎಂದು ಬಂತು. ನಾಣ್ಯ ಒಕ್ಕೂಟ ಸಾರ್ವಭೌಮತ್ವಕ್ಕೆ ಹೊಂದುವುದಿಲ್ಲವೆಂದು ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮಾರ್ಕ್ ಕಾರ್ನಿ ಮಂಗಳವಾರ ಹೇಳಿದರು. 'ಹೌದು' ಗೆದ್ದರೆ ನೋಂದಾಯಿತ ಕಚೇರಿಯನ್ನು ಲಂಡನ್ನಿಗೆ ಒಯ್ಯುತ್ತೇವೆಂದು ರಾಯಲ್ ಬ್ಯಾಂಕ್ ಮತ್ತು ಲಾಯ್ಡ್ಸ್ ಎರಡೂ ಹೇಳಿವೆ. ನಾನು ಕೆಲಸ ಮಾಡುವಲ್ಲಿ ಇವತ್ತು ಯಾರೂ ಜೋರಾಗಿ ಮಾತನಾಡಲಿಲ್ಲ. ಮಗಳ ಶಾಲೆಯ ಗೇಟಿನಲ್ಲಿ ಎರಡು ಬೇರೆ ಬೇರೆ ಬಿಲ್ಲೆ ಧರಿಸಿದ ಇಬ್ಬರು ತಾಯಂದಿರು ಎಂದಿನಂತೆ ಜೊತೆಯಾಗಿಯೇ ನಡೆದುಹೋದುದನ್ನು ಕಂಡು ಸಮಾಧಾನವಾಯಿತು.

ಲೆಕ್ಕಪರಿಶೋಧಕಿ
16 ಸೆಪ್ಟೆಂಬರ್

ಇವತ್ತಿನ ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟ ನೋಡಿದಿರಾ? ಬ್ರಿಟನ್ನಿನ ಮೂರು ದೊಡ್ಡ ಪಕ್ಷಗಳ ನಾಯಕರಾದ ಕ್ಯಾಮರೂನ್, ಮಿಲಿಬ್ಯಾಂಡ್, ಕ್ಲೆಗ್ ಮೂವರೂ ಸಹಿ ಹಾಕಿ, 'ಇಲ್ಲ' ಎಂದರೆ ಸ್ಕಾಟ್ಲೆಂಡ್ ಪಾರ್ಲಿಮೆಂಟಿಗೆ ವ್ಯಾಪಕವಾದ ಹೊಸ ಅಧಿಕಾರ ಕೊಡುತ್ತೇವೆಂದು ಪ್ರತಿಜ್ಞೆ ಮಾಡಿದ್ದಾರೆ. ಲೀತ್ ಅವರು ಬಯಸಿದ್ದ ಮೂರನೆಯ ಚೌಕವನ್ನು ಮತಪತ್ರದಲ್ಲಿ ಅಚ್ಚು ಹಾಕಲು ಒಪ್ಪದವರು, ಅಂಚೆ ಮತಗಳು ಹೋಗಿ ಎಷ್ಟೋ ದಿನಗಳಾದ ಮೇಲೆ, ಎರಡು ದಿನ ಮೊದಲು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ನನಗೆ ಇದು ನೋವುಂಟುಮಾಡಿತು.

ಏಳು ತಿಂಗಳಿಂದ ನಾಣ್ಯದ ಲೆಕ್ಕ ಹಾಕುತ್ತಿದ್ದೇನೆ. ನನ್ನ ಲೆಕ್ಕ ಬೆಲೆ ಎಷ್ಟೆಂದು ಹೇಳುತ್ತದೆ. ಆ ಬೆಲೆ ಕೊಟ್ಟು ಕೊಳ್ಳಬೇಕೋ ಬೇಡವೋ ಎಂದು ಅದು ಹೇಳಲಾರದು. ಮೊದಲ ಹತ್ತು ವರ್ಷ ಕಷ್ಟವಾಗುತ್ತದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ತಿಳಿದೇ 'ಹೌದು' ಎಂದು ಗುರುತು ಹಾಕುತ್ತೇನೆ.

ಲೀತ್ ನಿವಾಸಿ
17 ಸೆಪ್ಟೆಂಬರ್

ಮೇಡಂ, ನಿಮ್ಮ ಆಗಸ್ಟ್ 31ರ ಬರಹವೇ ನನ್ನನ್ನು ಎದುರು ದಿಕ್ಕಿಗೆ ಕೊಂಡೊಯ್ದಿತು. ತಪ್ಪಿಸಿಕೊಳ್ಳಲಾರದವರು ಯಾರು ಎಂದು ಕೇಳಿದ್ದಿರಿ. ನಮ್ಮ ವಸತಿ ಕಟ್ಟಡದ ಕೆಳಗಿನ ಮಹಡಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಪಿಂಚಣಿಯೇ ಅವರ ಆಧಾರ. ನಾಣ್ಯ ಕೆಟ್ಟರೆ ನಾನು ವಿಮಾನ ಹತ್ತಬಹುದು, ಅವರು ಹತ್ತಲಾರರು. ತಾನು ಹೊರದ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸುವ ಮತವನ್ನು ನಾನು ಹಾಕಲಾರೆ. ಪ್ರತಿಜ್ಞೆಯನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೂ 'ಇಲ್ಲ' ಎನ್ನುತ್ತೇನೆ.

ಗ್ಲಾಸ್ಗೋ ವೈದ್ಯೆ
17 ಸೆಪ್ಟೆಂಬರ್

ಲೀತ್ ಅವರೇ, ನಿಮ್ಮ ಕಾಳಜಿಗೆ ತಲೆಬಾಗುತ್ತೇನೆ, ಆದರೆ ಒಂದು ಮಾತು ಕೇಳಿ. ನಿಮ್ಮ ಅಜ್ಜಿಯ ಪರವಾಗಿ ನೀವು ಹೆದರುತ್ತಿದ್ದೀರಿ. ನನ್ನ ರೋಗಿಗಳ ಪರವಾಗಿ ನಾನೂ ಹೆದರಿದ್ದೆ. ಹೋದ ವಾರ ಒಬ್ಬರನ್ನು, ಜೀವನದಲ್ಲಿ ಒಮ್ಮೆಯೂ ಮತ ಹಾಕದೆ ಈಗ ಮೊದಲ ಸಲ ಹೆಸರು ಸೇರಿಸಿದವರನ್ನು, ಇದರಿಂದ ಹೆಚ್ಚು ನಷ್ಟ ನಿಮಗೇ ಆಗಬಹುದಲ್ಲವೇ ಎಂದು ಕೇಳಿದೆ. "ಡಾಕ್ಟರ್, ಕಳೆದುಕೊಳ್ಳುವುದು ನನ್ನದಾದರೆ ತೀರ್ಮಾನವೂ ನನ್ನದೇ ಆಗಲಿ" ಎಂದರು. ತೊಂದರೆ ಅನುಭವಿಸಬೇಕಾದವರೇ ಅದನ್ನು ಒಪ್ಪಿ ನಿಂತಿರುವಾಗ, ಅವರನ್ನು ಅವರ ಆಯ್ಕೆಯಿಂದಲೇ ಕಾಪಾಡುವುದು ನಮ್ಮ ಕೆಲಸವಲ್ಲ ಎಂದು ನನಗನ್ನಿಸಿತು. ನೀವು ಅಜ್ಜಿಯನ್ನು ಕೇಳಿದಿರಾ?

ಲೀತ್ ನಿವಾಸಿ
17 ಸೆಪ್ಟೆಂಬರ್, ರಾತ್ರಿ

ಈಗಷ್ಟೇ ಕೆಳಗೆ ಹೋಗಿ ಕೇಳಿ ಬಂದೆ. ಅವರು ಅಂಚೆಯಲ್ಲಿ ಎಂದೋ ಮತ ಹಾಕಿಬಿಟ್ಟಿದ್ದಾರೆ. 'ಇಲ್ಲ' ಎಂದು. ಆದರೆ ತಮ್ಮ ಪಿಂಚಣಿಗಾಗಿ ಅಲ್ಲವಂತೆ. ಮಗಳು ನ್ಯೂಕ್ಯಾಸಲ್‌ನಲ್ಲಿದ್ದಾಳೆ, ಅವಳ ಮನೆ ಪರದೇಶವಾಗುವುದು ಬೇಡ ಎಂದರು. ನಾನು ಅವರ ಪರವಾಗಿ ಹಾಕಿದ್ದ ಲೆಕ್ಕದಲ್ಲಿ ಇದು ಇರಲೇ ಇಲ್ಲ.

ಇನ್‌ವರ್ನೆಸ್ ಹಿರಿಯ
18 ಸೆಪ್ಟೆಂಬರ್, ಬೆಳಿಗ್ಗೆ

ಏಳು ಗಂಟೆಗೆ ಮತಗಟ್ಟೆ ತೆರೆಯುವ ಮೊದಲೇ ಮಗಳು ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳದ್ದು 'ಹೌದು'. ನನ್ನದು ಏನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ, 'ಇಲ್ಲ' ಎಂದೇ ಹಾಕಿದೆ, ಆದರೆ ಕೈ ಬಹಳ ಹೊತ್ತು ತಡೆಯಿತು. ಮೂವತ್ತು ವರ್ಷ ಮತ ಹಾಕಿದ್ದೇನೆ, ಮತಗಟ್ಟೆಯ ಮುಂದೆ ಇಷ್ಟು ಉದ್ದದ ಸಾಲನ್ನು ಈ ಊರಿನಲ್ಲಿ ಕಂಡಿರಲಿಲ್ಲ.

ಅಬರ್ಡೀನ್ ಇಂಜಿನಿಯರ್
18 ಸೆಪ್ಟೆಂಬರ್

ನಾನಿನ್ನೂ ಹೋಗಿಲ್ಲ. ಸಂಜೆ ಕೆಲಸ ಮುಗಿಸಿ ಹೋಗುತ್ತೇನೆ. ನಿಮ್ಮೆಲ್ಲರ ಬರಹಗಳನ್ನು ಊಟದ ಹೊತ್ತಿನಲ್ಲಿ ಮೊದಲಿನಿಂದ ಮತ್ತೆ ಓದಿದೆ.

ಡಂಡೀ ಸಂಶೋಧಕ
18 ಸೆಪ್ಟೆಂಬರ್, ಸಂಜೆ

ಎಲ್ಲರಿಗೂ ನಮಸ್ಕಾರ. ಹಿರಿಯರ ಮಾತಿನಂತೆ ಕೊನೆಯ ದಿನ ಹೆಸರು ಸೇರಿಸಿದ್ದೆ. ಡಾಕ್ಟರ್ ಮೇಡಂ ಅವರ ರೋಗಿಯ ಮಾತನ್ನು ಓದಿದ ಮೇಲೆ, ಕಳೆದುಕೊಳ್ಳುವವರ ತೀರ್ಮಾನಕ್ಕೆ ನನ್ನ ಮತ ಸೇರಿಸಬೇಕೇ ಹೊರತು ನನ್ನ ವೀಸಾದ ಲೆಕ್ಕಕ್ಕಲ್ಲ ಎಂದುಕೊಂಡೆ. ನಾಲ್ಕು ವರ್ಷದಿಂದ ನನ್ನೊಂದಿಗೆ ಪ್ರಯೋಗಾಲಯದಲ್ಲಿ ದುಡಿಯುವ ಇಲ್ಲಿಯವರನ್ನು ಒಬ್ಬೊಬ್ಬರಾಗಿ ಕೇಳಿದೆ; ಹೆಚ್ಚಿನವರು 'ಹೌದು' ಎಂದರು, ಹೆದರಿಕೆಯಿದೆ ಎಂದೂ ಹೇಳಿದರು. ನಾನೂ 'ಹೌದು' ಎನ್ನಲು ಹೊರಟಿದ್ದೇನೆ. ಆದರೆ ಮತದಾರರ ಕಾರ್ಡು ಎಲ್ಲೋ ಕಳೆದುಹೋಗಿದೆ. ಅದಿಲ್ಲದೆ ಬಿಡುತ್ತಾರೆಯೇ?

ಲೆಕ್ಕಪರಿಶೋಧಕಿ
18 ಸೆಪ್ಟೆಂಬರ್, ಸಂಜೆ

ಬಿಡುತ್ತಾರೆ. ಹೆಸರು ಮತ್ತು ವಿಳಾಸ ಹೇಳಿದರೆ ಸಾಕು, ಪಟ್ಟಿಯಲ್ಲಿ ನೋಡಿ ಮತಪತ್ರ ಕೊಡುತ್ತಾರೆ. ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಈಗಲೇ ಹೊರಡಿ.